ಎಷ್ಟು ಜನರನ್ನು ಹೊಡೆದಿರಿ?

ಶ್ರೀಲಂಕಾಕ್ಕೆ ಹೋದ ಭಾರತದ ಶಾಂತಿಪಾಲನಾ ಪಡೆಯಲ್ಲಿ ನಾನೂ ಇದ್ದೆ ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದೊಂದನ್ನೇ. ಮೊನ್ನೆ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಹುಡುಗ ಹೋಳಿಗೆ ಮುರಿಯುತ್ತಾ ಕೇಳಿದ, "ಅಂಕಲ್, ಎಷ್ಟು ಜನರನ್ನ ಹೊಡೆದ್ರಿ?" ಉತ್ತರ ಕೊಡುವುದಿಲ್ಲ. ಅವನಿಗೂ ಇಲ್ಲ, ನಿಮಗೂ ಇಲ್ಲ. ಈ ಸಲ ರಾಗಿ ಎಷ್ಟು ಮೂಟೆ ಆಯಿತು ಎಂದು ಕೇಳುವ ಹಾಗೆ ಹೆಣದ ಲೆಕ್ಕ ಕೇಳಬಾರದು.

ಹೇಗಿತ್ತು ಅಂತ ಕೇಳಿ, ಹೇಳುತ್ತೇನೆ. 1987ರ ಜುಲೈ 29ರಂದು ಭಾರತಕ್ಕೂ ಶ್ರೀಲಂಕಾಕ್ಕೂ ಒಪ್ಪಂದವಾಯಿತು. ಅಲ್ಲಿನ ಸರ್ಕಾರದ ವಿರುದ್ಧ ಬಂದೂಕು ಹಿಡಿದಿದ್ದ ತಮಿಳು ಹುಡುಗರಿಂದ ಆಯುಧ ಇಳಿಸಿಕೊಂಡು ಶಾಂತಿ ಕಾಯುವುದಷ್ಟೇ ನಮ್ಮ ಕೆಲಸ ಎಂದಿದ್ದರು. ಮೊದಮೊದಲು ಜನ ಹಾರ ಹಾಕಿದರು. ಅಕ್ಟೋಬರ್ ಹೊತ್ತಿಗೆ ಆ ಹುಡುಗರ ಮುಖ್ಯ ಗುಂಪಾದ ಎಲ್‌ಟಿಟಿಇ ಜೊತೆ ನಮಗೇ ಯುದ್ಧ ಶುರುವಾಯಿತು. ಮರುವರ್ಷ ನಾನು ಉತ್ತರದ ತಮಿಳರ ಪಟ್ಟಣ ಜಾಫ್ನಾಕ್ಕೆ ಹೋದಾಗ ಪಟ್ಟಣ ನಮ್ಮ ಕೈಗೆ ಬಂದಿತ್ತು, ರಸ್ತೆಗಳನ್ನು ಮಾತ್ರ ನಂಬುವ ಹಾಗಿರಲಿಲ್ಲ.

ಬೆಳಕು ಹರಿಯುವ ಮೊದಲೇ ಎಲ್ಲರೂ ಬಂಕರಿನಲ್ಲಿ ಸ್ಟ್ಯಾಂಡ್-ಟು, ಅಂದರೆ ಬಂದೂಕು ಹಿಡಿದು ದಾಳಿಗೆ ಸಿದ್ಧರಾಗಿ ಕಾಯುವುದು. ಆಮೇಲೆ ರೋಡ್ ಓಪನಿಂಗ್. ರೇಷನ್ ಲಾರಿ ಬರುವ ಮೊದಲು ಆ ರಸ್ತೆಯನ್ನು ನಾವು ನಡೆದೇ ನೋಡಬೇಕು. ಮೋರಿ ಸಿಕ್ಕರೆ ಬಗ್ಗಿ ನೋಡು, ಹೊಸದಾಗಿ ಅಗೆದ ಮಣ್ಣು ಕಂಡರೆ ನಿಲ್ಲು, ಅಂಚಿನ ಹುಲ್ಲಿನಲ್ಲಿ ವೈರ್ ಇದೆಯಾ ಹುಡುಕು. ನಿನ್ನೆ ತಾನೇ ನೋಡಿದ್ದೆವಲ್ಲ ಎನ್ನುವಂತಿಲ್ಲ, ರಾತ್ರಿ ನೆಲಬಾಂಬ್ ಹೂತಿಟ್ಟಿರಬಹುದು. ವಾಪಸ್ ಬಂದರೆ ಸೆಂಟ್ರಿ ಡ್ಯೂಟಿ. ಬೂಟು ಬಿಚ್ಚದೆ ಮಲಗಿ ಮಲಗಿ ಕಾಲ್ಬೆರಳ ಸಂದಿ ಕೊಳೆತಿತ್ತು. ಹೆದರಿಕೆಗಿಂತ ಹೆಚ್ಚಾಗಿ ನೆನಪಿರುವುದು ನಿದ್ದೆಗೇಡು. ಟೀ ಮಗ್ ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದೆವು. ಊರಿಂದ ಇನ್‌ಲ್ಯಾಂಡ್ ಲೆಟರ್ ಬಂದರೆ, ಮಳೆ ಬಿತ್ತು, ಹಸು ಕರು ಹಾಕಿತು ಎನ್ನುವ ಸಾಲುಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಅಲ್ಲಿಯ ಜನ ಹೇಗಿದ್ದರು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಸಿಟ್ಟು ಬರುವುದೇ ಇದಕ್ಕೆ.

ಅಲ್ಲೂ ನಮ್ಮ ಬಂಗಾರಪೇಟೆ ಕಡೆಯಂಥದೇ ಕೆಂಪು ಮಣ್ಣು. ಮನೆ ಸುತ್ತ ತಾಳೆಗರಿಯ ಬೇಲಿ, ಹಿತ್ತಲಲ್ಲಿ ಬಾವಿ, ಈರುಳ್ಳಿ ಮಡಿ. ಕೆಜಿಎಫ್‌ನಲ್ಲಿ ಓಡಾಡಿ ಕಲಿತ ತಮಿಳು ನನಗಿತ್ತು, ಅದಕ್ಕೇ ಚೆಕ್‌ಪೋಸ್ಟಿಗೆ ಹಾಕುತ್ತಿದ್ದರು. ಒಂದು ದಿನ ಒಬ್ಬ ಅಜ್ಜಿಯ ಚೀಲ ಬಿಚ್ಚಿಸಿದೆ. ನುಗ್ಗೆಕಾಯಿ, ಔಷಧಿ ಬಾಟಲಿ, ಅದರಡಿ ಮಡಿಸಿಟ್ಟ ಬಿಳಿ ಸ್ಕೂಲ್ ಶರ್ಟು. ಯಾರದು ಅಂತ ತಮಿಳಿನಲ್ಲಿ ಕೇಳಿದೆ. ಅಜ್ಜಿಯ ಮುಖ ಬಿಳಿಚಿಕೊಂಡಿತು. ಭಾಷೆ ಬಾರದ ಸಿಪಾಯಿಯ ಮುಂದಾದರೆ ಗೊಣಗಿಕೊಂಡಾದರೂ ಹೋಗಬಹುದಿತ್ತು, ನನ್ನ ಮುಂದೆ ಅದಕ್ಕೂ ದಾರಿಯಿರಲಿಲ್ಲ. "ಮೊಮ್ಮಗನದು. ಅವನು ಮನೆಯಲ್ಲಿಲ್ಲ" ಎಂದಳು. ಎಲ್ಲಿ ಹೋದ ಎಂದು ಕೇಳುವುದು ನನ್ನ ಡ್ಯೂಟಿ. ಕೇಳಲಿಲ್ಲ. ಚೀಲ ಕಟ್ಟಿಕೊಟ್ಟು ಕಳಿಸಿದೆ. ಅದನ್ನು ಇವತ್ತಿಗೂ ಸರಿ ಅಂತಲೇ ಅನ್ನುತ್ತೇನೆ.

ನಮ್ಮವರು ಸುಮಾರು 1,200 ಮಂದಿ ಸತ್ತರು. ಅವರಿಗೊಂದು ಸ್ಮಾರಕ ಕೊಲಂಬೋ ಹತ್ತಿರ ಇದೆ. 1990ರ ಮಾರ್ಚಿಗೆ ನಮ್ಮ ಕೊನೆಯ ತುಕಡಿಯೂ ಹಡಗು ಹತ್ತಿತು. ಅಲ್ಲಿಯವರಿಗೆ ಯುದ್ಧ ಮುಗಿಯಲು 2009ರ ಮೇ ಬರಬೇಕಾಯಿತು. ಆ ಜನರ ಬಗ್ಗೆ ಕೇಳುವವರಿದ್ದರೆ ಮನೆಗೆ ಬನ್ನಿ. ಎಷ್ಟು ಹೊತ್ತಾದರೂ ಕೂತು ಹೇಳುತ್ತೇನೆ.