79ಕ್ಕೆ ಸಿಕ್ಕಾಕೊಂಡಿದ್ದ ತೂಕ ಕೊನೆಗೂ ಇಳೀತು

ಐದು ವಾರ 79ರಿಂದ ಅಲ್ಲಾಡದೇ ಇದ್ದ ತೂಕ ಇವತ್ತು ಬೆಳಿಗ್ಗೆ 78.2! ಖುಷಿಗೆ ಅಮ್ಮನ್ನ ಅಡುಗೆಮನೆಯಿಂದ ಕರ್ಕೊಂಡ್ ಬಂದು ತೋರಿಸ್ದೆ.

ಶುರು ಮಾಡ್ದಾಗ 82 ಕೆಜಿ, ಎಚ್‌ಬಿಎ1ಸಿ (ಎರಡ್ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 6.1, ಅಂದ್ರೆ ಗಡಿ ಮೇಲೆ, 6.5 ಮುಟ್ಟಿದ್ರೆ ಡಯಾಬಿಟಿಸ್. ಅಪ್ಪಂಗೆ ಶುಗರ್ ಇದೆ, ಅವರ ಕಾಲಿನ ಗಾಯ ಎಷ್ಟ್ ತಿಂಗಳು ಕಾಡ್ತು ಅಂತ ನೋಡಿದೀನಿ. ಗುರಿ ಇಟ್ಕೊಂಡಿದ್ದು 2002ರ ಅಮೆರಿಕದ ಒಂದು ದೊಡ್ಡ ಅಧ್ಯಯನದ (ಡಯಾಬಿಟಿಸ್ ಪ್ರಿವೆನ್ಶನ್ ಪ್ರೋಗ್ರಾಂ) ಪ್ರಕಾರ, 7% ತೂಕ ಇಳಿಸಿ ವಾರಕ್ಕೆ 150 ನಿಮಿಷ ಬೀಸಾಗಿ ನಡೆಯೋ ಗುರಿ ಕೊಟ್ಟಿದ್ದೋರಲ್ಲಿ ಶುಗರ್ ಬರೋ ಸಾಧ್ಯತೆ 58% ಕಮ್ಮಿ ಆಗಿತ್ತು. ನನಗೆ 7% ಇಳಿಸೋದು ಅಂದ್ರೆ 76.3 ಕೆಜಿಗೆ ಬರೋದು.

ಇಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ವಾಕ್ ಒಂದು ದಿನಾನೂ ತಪ್ಪಿಸಿಲ್ಲ, ಆದ್ರೂ ನಿಂತೋಯ್ತಲ್ಲ! ಮೊದ್ಲು ಮೆಷಿನ್ ಮೇಲೇ ಅನುಮಾನ. ಚಾಪೆ ಮೇಲೆ ಇಟ್ರೆ ಒಂದು, ನೆಲದ ಮೇಲೆ ಇಟ್ರೆ ಇನ್ನೊಂದು ತೋರಿಸ್ತಿತ್ತು, ಅಂಗಡಿಯವ್ರನ್ನ ಕೇಳಿದ್ರೆ ವಾಪಸ್ ತಗೊಳಲ್ಲ ಅಂದ್ರು, ಗಟ್ಟಿ ನೆಲದ ಮೇಲೆ ಇಡಿ ಅಂತ ಒಂದ್ ಮಾತು ಹೇಳಕ್ಕೇನಾಗಿತ್ತು? ಲೀಟರ್ ಬಾಟ್ಲಲ್ಲಿ ಅಳೆದು 20 ಲೀಟರ್ ನೀರು ಬಕೆಟ್‌ಗೆ ಹಾಕಿ ಇಟ್ಟೆ, ಬಕೆಟ್ ತೂಕ ಕಳೆದ್ರೆ ಸರಿಯಾಗಿ 20. ಮೆಷಿನ್ ತಪ್ಪಲ್ಲ.

ಆಮೇಲೆ ಎಣ್ಣೆ ಕ್ಯಾನ್ ಕಣ್ಣಿಗೆ ಬಿತ್ತು. ತೆಗೆದ ದಿನಾನೇ ಮಾರ್ಕರಲ್ಲಿ ತಾರೀಖು ಬರೆದಿಟ್ಟಿದ್ದೆ. 5 ಲೀಟರ್, ನಾಲ್ಕು ಜನ, 28 ದಿನಕ್ಕೆ ಖಾಲಿ! ತಲೆಗೆ ದಿನಾ 45 ಎಂಎಲ್ ಹತ್ರ, ಅಂದ್ರೆ ಮೂರು ದೊಡ್ಡ ಚಮಚ, ಚಮಚಕ್ಕೆ 120 ಕ್ಯಾಲೊರಿ, ಒಟ್ಟು 360. ಮುಕ್ಕಾಲು ಗಂಟೆ ಬೀಸಾಗಿ ನಡೆದ್ರೆ ಕರಗೋದು ಹೆಚ್ಚುಕಮ್ಮಿ 200. ತೂಕ ಇಳಿದ ಮೇಲೆ ದೇಹಕ್ಕೆ ಬೇಕಾಗೋದೂ ಕಮ್ಮಿ ಆಗುತ್ತೆ, ಮೊದಲ 3 ಕೆಜಿ ಇಳಿಸಿದ ಲೆಕ್ಕ ಆಮೇಲೆ ಸಾಲಲ್ಲ.

ಈಗ ಒಗ್ಗರಣೆಗೆ ಅಳತೆ ಚಮಚ. ಅಮ್ಮ ಮೊದಲ ವಾರ ಮುನಿಸ್ಕೊಂಡ್ರು, ಬಸ್ಸಾರಿನ ರುಚಿ ಹಾಗೇ ಇದೆ ಅಂತ ಅಪ್ಪಾನೇ ಹೇಳಿದ್ಮೇಲೆ ಒಪ್ಪಿದ್ರು. ಒಂದು ತಿಂಗಳಾಯ್ತು, ಹೊಸ ಕ್ಯಾನ್ ಇನ್ನೂ ಅರ್ಧದ ಹತ್ರ ಇದೆ.

ಮುಂದಿನದು ಅಪ್ಪನ ಹಳೇ ಸೈಕಲ್. ಚೈನ್, ಫ್ರೀವೀಲ್ ಎಲ್ಲಾ ಬಿಚ್ಚಿ ಸೀಮೆಎಣ್ಣೇಲಿ ನೆನೆಸಿದೀನಿ, ರೆಡಿ ಆದ್ರೆ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗ್ಬರೋ ಪ್ಲ್ಯಾನು. 28 ಇಂಚಿನ ಟೈರ್‌ಗೆ ಸೈಕಲ್ ಅಂಗಡಿಯವ್ರು ಮೂರು ವಾರದಿಂದ ನಾಳೆ ಬನ್ನಿ ಅಂತಿದಾರೆ, ಮೈಸೂರಲ್ಲಿ ಎಲ್ಲಾದ್ರೂ ಸಿಗುತ್ತಾ, ಗೊತ್ತಿದ್ರೆ ಹೇಳ್ರಪ್ಪ.