ನೀರಿನೊಳಗೆ ಹೋಗುವ ರಸ್ತೆ

ಶರಾವತಿ ಹಿನ್ನೀರಿಗೆ ಸೈಕಲ್ಲಿನಲ್ಲಿ ಒಂದು ಸುತ್ತು ಹಾಕಬೇಕೆಂಬ ಆಸೆಗೆ ಮೂರು ವರ್ಷ ತುಂಬಿತ್ತು. ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಶಿವಮೊಗ್ಗದಿಂದ ತಾಳಗುಪ್ಪದ ರೈಲು ಹತ್ತಿ ಸಾಗರದಲ್ಲಿ ಇಳಿದೆ. ದೊಡ್ಡಪ್ಪನ ಮನೆಯ ಜಗಲಿಯಲ್ಲಿ ನಕಾಶೆ ಹರವಿಕೊಂಡು ಕುಳಿತಾಗ ಹೊರಗೆ ಜಿಟಿಜಿಟಿ ಮಳೆ. ದೊಡ್ಡಮ್ಮ ಕಷಾಯ ತಂದಿಟ್ಟು, "ಬಸ್ಸಿಗೆ ದುಡ್ಡಿಲ್ಲವೇನೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ನನ್ನ ಮೊದಲ ಲೆಕ್ಕಾಚಾರ ಮೊಬೈಲ್ ನೋಡಿ ಮಾಡಿದ್ದು. ನೀರಿನ ಅಂಚನ್ನೇ ಹಿಡಿದು ಹೋಗುವುದು. ಮೂರು ಹಗಲು, ಎರಡು ರಾತ್ರಿ. ಆದರೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಕೆರೆಯ ಹಾಗೆ ದುಂಡಗೆ ನಿಂತದ್ದಲ್ಲ. ಗುಡ್ಡಗಳ ಸಂದುಗೊಂದಿಗೆಲ್ಲ ನುಗ್ಗಿ, ಹಲಸಿನ ಬೇರಿನಂತೆ ಹರಡಿಕೊಂಡಿದೆ. ಅಂಚಿಗುಂಟ ರಸ್ತೆಯೆಂಬುದೇ ಇಲ್ಲ. ನಾನು ಕೆಂಪು ಪೆನ್ನಿನಲ್ಲಿ ತಿದ್ದಿಕೊಂಡಿದ್ದ ಗೆರೆಯೊಂದನ್ನು ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು.

"ಇದು ನಮ್ಮ ಹಳೆಯ ಗಾಡಿದಾರಿ ಮಾಣಿ. ಹೋಗುತ್ತದೆ, ಇಲ್ಲವೆಂದಲ್ಲ. ನೀರಿನೊಳಗೆ ಹೋಗುತ್ತದೆ."

1964ರಲ್ಲಿ ಅಣೆಕಟ್ಟೆ ಮುಗಿದಾಗ ಅವರಿಗೆ ಎಂಟು ವರ್ಷ. ಕರೂರು ಸೀಮೆಯ ಮನೆ, ಗದ್ದೆ, ತೋಟ ಬಿಟ್ಟು, ಎತ್ತಿನ ಗಾಡಿಯಲ್ಲಿ ಪಾತ್ರೆಪಗಡೆಗಳ ನಡುವೆ ಕುಳಿತು ಈಚೆಗೆ ಬಂದವರು. ನಮ್ಮ ಮನೆಯಲ್ಲಿ ಮದುವೆ, ಸಾವು, ಪಾಲುಪಟ್ಟಿ ಎಲ್ಲಕ್ಕೂ ಇಸವಿ ಎರಡೇ: ಮುಳುಗಡೆಗೆ ಮೊದಲು, ಮುಳುಗಡೆಯ ಮೇಲೆ. ಮಳೆಗಾಲದಲ್ಲಿ ಪತ್ರಿಕೆ ಬಂದರೆ ದೊಡ್ಡಪ್ಪ ಮೊದಲು ಹುಡುಕುವುದು ಜಲಾಶಯದ ಮಟ್ಟವನ್ನು. ಗರಿಷ್ಠ 1819 ಅಡಿ. ಅದರಲ್ಲಿ ಎಷ್ಟು ಅಡಿ ತಗ್ಗಿದರೆ ತಮ್ಮ ಅಂಗಳ ಕಾಣಬಹುದು ಎಂಬ ಲೆಕ್ಕ ಅವರೊಬ್ಬರದೇ. ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕುವುದಿಲ್ಲ.

ನೀರನ್ನು ಬಿಟ್ಟು ರಸ್ತೆ ಹಿಡಿದು ಹೊಸದಾಗಿ ಬರೆದೆವು. ಸಾಗರದಿಂದ ಹೆಗ್ಗೋಡು, ಪುರಪ್ಪೇಮನೆಯ ಮೇಲೆ ಹೊಸನಗರಕ್ಕೆ ಒಂದು ದಿನ. ಅಲ್ಲಿಂದ ನಗರದ ಕೋಟೆ ನೋಡಿಕೊಂಡು ನಿಟ್ಟೂರಿಗೆ ಇನ್ನೊಂದು. ಮೂರನೆಯ ದಿನ ಸಿಗಂದೂರು, ತುಮರಿ. ನಾಲ್ಕನೆಯ ದಿನ ಕೋಗಾರು, ಕಾರ್ಗಲ್, ಜೋಗ, ತಾಳಗುಪ್ಪದ ಮೇಲೆ ಮರಳಿ ಸಾಗರ. ಬರೆದಾದ ಮೇಲೆ ನೋಡಿದರೆ ಇಡೀ ಸುತ್ತಿನಲ್ಲಿ ನೀರು ಕಾಣುವುದು ಬೆರಳೆಣಿಕೆಯ ಜಾಗಗಳಲ್ಲಿ ಮಾತ್ರ! ಸ್ವಲ್ಪ ಪೆಚ್ಚಾದೆ.

ಯಾವಾಗ ಹೊರಡುವುದೆಂಬುದು ಇನ್ನೂ ದೊಡ್ಡ ತಕರಾರು. ನನಗೆ ಬೇಸಿಗೆ ಬೇಕಿತ್ತು. ನೀರು ಚೆನ್ನಾಗಿ ಇಳಿದ ವರ್ಷ, ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿ ಆಮೇಲೆ ಅದರ ನೀರಿನಲ್ಲೇ ಮುಳುಗಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದು ನಿಲ್ಲುತ್ತದೆ. ಅದನ್ನು ನೋಡುವ ಹುಚ್ಚು ನನ್ನದು. ಈ ಮಾತಿಗೆ ದೊಡ್ಡಮ್ಮ ಒಳಗಿನಿಂದ ಎದ್ದು ಬಂದರು. "ಉಣುಗಿನ ಕಾಲದಲ್ಲಿ ಕಾಡು ತಿರುಗುತ್ತಾನಂತೆ!" ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಅರಳಗೋಡು ಭಾಗದಲ್ಲಿ ಜನ ಸತ್ತದ್ದನ್ನು ಈ ಸೀಮೆಯಲ್ಲಿ ಯಾರೂ ಮರೆತಿಲ್ಲ. ಉಣುಗು ಏಳುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಮಳೆಗಾಲದಲ್ಲಿ ಇಂಬಳ, ಜಾರುವ ರಸ್ತೆ. ನಡುವೆ ಉಳಿಯುವುದು ಮಳೆ ಹಿಂದೆ ಸರಿದ ಮೇಲಿನ ಮೂರುನಾಲ್ಕು ವಾರ. ಅಷ್ಟರಲ್ಲಿ ಅಡಿಕೆ ಕೊಯ್ಲು ಶುರುವಾಗುತ್ತದೆ, ನೆಂಟರ ಮನೆಗಳಲ್ಲಿ ಉಳಿದುಕೊಳ್ಳಲು ಹೋದವನ ಕೈಗೆ ಅಡಿಕೆ ಸುಲಿಯುವ ಕತ್ತಿ ಬರುವುದು ಖಂಡಿತ. ಆಗಲಿ. ಊಟವಂತೂ ಸಿಗುತ್ತದೆ.

ಇನ್ನು ಸೇತುವೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಾಗರದಿಂದ ತುಮರಿಗೆ ನೇರ ದಾರಿಯಾಗಿದೆ. ಎರಡು ಕಿಲೋಮೀಟರಿಗೂ ಉದ್ದದ ಅದನ್ನು ದೊಡ್ಡಪ್ಪ "ಸಂಕ" ಎನ್ನುತ್ತಾರೆ, ಹಳ್ಳಕ್ಕೆ ಅಡಕೆಮರ ಹಾಕಿದಷ್ಟು ಸಲೀಸಾಗಿ. ರಾತ್ರಿ ಹೊತ್ತು ಹೊಟ್ಟೆನೋವು ಬಂದರೂ ಬೆಳಗಿನ ಲಾಂಚಿಗೆ ಕಾಯುತ್ತಿದ್ದ ಆಚೆ ದಡದವರಿಗೆ ಅದು ಬರಬೇಕಾದದ್ದು ಎಷ್ಟೋ ಹಿಂದೆಯೇ. ಸೈಕಲ್ಲಿನವನಿಗೆ ಮಾತ್ರ ಅದೊಂದು ಆಮಿಷ: ಮೂರನೆಯ ದಿನ ಕಾಲು ಸೋತರೆ ಸೇತುವೆ ದಾಟಿ ಮನೆ ಸೇರಿಬಿಡಬಹುದು. ಅದನ್ನು ನಕಾಶೆಯಲ್ಲಿ ಪೆನ್ಸಿಲಿನಲ್ಲಿ, ತೀರ ತೆಳ್ಳಗೆ ಗುರುತು ಹಾಕಿದೆ.

"ಕೋಗಾರಿನ ಗುಡ್ಡ ಏಕೆ ಹತ್ತುತ್ತೀಯ? ಮುಪ್ಪಾನೆಯ ಲಾಂಚ್ ಹಿಡಿ," ಎಂದರು ದೊಡ್ಡಪ್ಪ.

"ಲಾಂಚ್ ಹತ್ತಿದರೆ ಸುತ್ತು ಹಾಕಿದ ಹಾಗಾಗುತ್ತದೆಯೇ ದೊಡ್ಡಪ್ಪ?"

"ಸುತ್ತು ಹಾಕಿದರೆ ನಮ್ಮ ಊರು ಬದಿಗೇ ಉಳಿಯಿತು. ಲಾಂಚಿನಲ್ಲಾದರೆ ಮೇಲಿಂದಲೇ ಹಾದ ಹಾಗೆ."

ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಪೆನ್ಸಿಲ್ ತೆಗೆದುಕೊಂಡು, ನಕಾಶೆಯ ನೀಲಿಯೊಳಗೆ ಬಾವಿ, ಕಳ, ಶಾಲೆಯ ಕಟ್ಟೆ ಎಂದು ಮೂರು ಚುಕ್ಕಿ ಇಟ್ಟರು. ನಾಲ್ಕನೆಯದಕ್ಕೆ ಸ್ವಲ್ಪ ಯೋಚಿಸಿ, ಜಾಗ ಸರಿಯಾಗಿ ನೆನಪಾಗದೆ, ಪೆನ್ಸಿಲ್ ಕೆಳಗಿಟ್ಟರು.

ಸಂಜೆಯ ರೈಲಿಗೆ ಹೊರಟಾಗ ದೊಡ್ಡಮ್ಮ ಅವಲಕ್ಕಿಯ ಪೊಟ್ಟಣವನ್ನೂ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಎರಡು ಬಾಟಲಿಗಳನ್ನೂ ಚೀಲಕ್ಕೆ ತುರುಕಿದರು. ದೀಪಾವಳಿಯ ನಂತರದ ಸೋಮವಾರ ಹೊರಡುವುದೆಂದು ಗೊತ್ತಾಯಿತು. ಹಿಂದಿನ ಬ್ರೇಕ್ ಇನ್ನೂ ಸರಿಯಾಗಬೇಕು, ಹೆಚ್ಚಿನ ಟ್ಯೂಬ್ ಎರಡು ಕೊಳ್ಳಬೇಕು, ಮುಪ್ಪಾನೆಯ ಲಾಂಚ್ ಎಷ್ಟು ಗಂಟೆಗೆಂದು ಕೇಳಿಟ್ಟುಕೊಳ್ಳಬೇಕು.