ಶೇಂಗಾ ಸೀಮೆಯಲ್ಲಿ ಎರಡು ದಿನ

ಬಾಗಲಕೋಟೆಗೆ ಹೊರಟಾಗ ನಮ್ಮ ಬ್ಯಾಗಿನಲ್ಲಿ ಬಟ್ಟೆಗಿಂತ ಊಟದ ಡಬ್ಬಿಗಳೇ ಜಾಸ್ತಿ. ಆರು ವರ್ಷದ ಮಗನಿಗೆ ಶೇಂಗಾ ಅಲರ್ಜಿ. ಸುಮ್ನೆ ಮೈ ತುರಿಸುವುದಲ್ಲ. ಮೂರು ವರ್ಷದವನಿದ್ದಾಗ ಒಂದು ಚೂರು ಚಿಕ್ಕಿ ತಿಂದು ತುಟಿ ಊದಿ, ಉಸಿರೇ ಸಿಕ್ಕಿಹಾಕಿಕೊಂಡಿತ್ತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೇ ಸುಧಾರಿಸಿದ್ದು. ಆಗಿನಿಂದ ಆ ಔಷಧ, ಸಿರಿಂಜು ನಮ್ಮ ಜೊತೆಗೇ ಓಡಾಡುತ್ತವೆ. ಬಿಸಿಲಿಗೆ ಅದು ಕೆಡುತ್ತದೆ. ಹಾಗಾಗಿ ಮಗನಿಗಿಂತ ಮೊದಲು ಅದಕ್ಕೆ ನೆರಳು ಹುಡುಕಬೇಕು.

ಇಂಥವನನ್ನು ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಶೇಂಗಾ ಹೋಳಿಗೆ, ಶೇಂಗಾ ಪುಡಿಯ ಎಣ್ಣೆಗಾಯಿ ಇರುವ ಊರಿಗೆ ಕರೆದೊಯ್ಯುವುದು ಹುಚ್ಚು ಅಲ್ವಾ? ಆದರೆ ಯಜಮಾನರ ಸೋದರತ್ತೆ ಕರೆದಿದ್ದರು.

ಹೋದ ದಿನವೇ ಮೊಮ್ಮಗನಿಗೆಂದು ಶೇಂಗಾ ಹೋಳಿಗೆ ಮಾಡಿದ್ದರು. "ಒಂದ್ ಚೂರು ತಿನ್ಲಿ ಬಿಡವಾ. ನಮ್ಮ ಹುಡುಗರೆಲ್ಲ ಇದನ್ನ ತಿಂದು ಬೆಳದಾರ. ರೂಢಿ ಆದ್ರ ಎಲ್ಲಾ ಸರಿ ಹೋಗ್ತದ."

ರೂಢಿ ಮಾಡಿಸುವ ಚಿಕಿತ್ಸೆ ಇದೆ, ನಿಜ. ಅದು ತಜ್ಞ ವೈದ್ಯರ ಕಣ್ಣೆದುರು, ಮಿಲಿಗ್ರಾಂ ಲೆಕ್ಕದಲ್ಲಿ ನಡೆಯುವಂಥದ್ದು. ಹೋಳಿಗೆ ತಟ್ಟೆಯ ಮುಂದೆ ಇದನ್ನೆಲ್ಲ ಹೇಗೆ ಹೇಳುವುದು? ಮಗ ಡಬ್ಬಿಯ ಮೊಸರನ್ನ ತಿಂದ. "ಈ ಸಲ ಊದಿದ್ದು ಅತ್ತೆಯ ಮುಖ ಮಾತ್ರ" ಎಂದು ರಾತ್ರಿ ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬಾದಾಮಿ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಚಾಲುಕ್ಯ ಮಂಗಳೇಶನದು. ಎಲ್ಲರೂ ಕತ್ತೆತ್ತಿ ಕಂಬ, ಛಾವಣಿ ನೋಡುತ್ತಿದ್ದರೆ ನಾನು ನೋಡಿದ್ದು ಬರೀ ನೆಲ. ಮಂಗಗಳಿಗೆ ಯಾರೋ ಎಸೆದ ಶೇಂಗಾ ಸಿಪ್ಪೆ ಮೆಟ್ಟಿಲ ತುಂಬ ಬಿದ್ದಿತ್ತು. ಮಗ ಕೈ ಊರಿದಲ್ಲೆಲ್ಲ ನನ್ನ ಎದೆ ಧಸಕ್ ಎನ್ನುತ್ತಿತ್ತು. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾ ಅಂಶ ಹೋಗುವುದಿಲ್ಲ. ಸೋಪು, ನೀರೇ ಬೇಕು. ಕೆಳಗೆ ಇಳಿಯುವಷ್ಟರಲ್ಲಿ ನಮ್ಮ ಎರಡು ಬಾಟಲಿ ನೀರು ಕೈ ತೊಳೆಯುವುದಕ್ಕೇ ಖಾಲಿ.

ಅಲ್ಲಿಂದ ಐದು ಕಿಲೋಮೀಟರಿನಷ್ಟು ದೂರ ಬನಶಂಕರಿ. ದರ್ಶನ ಮುಗಿಸಿ ಹೊಂಡದ ಹತ್ತಿರ ಕೂತೆವು. ತಲೆ ಮೇಲೆ ರೊಟ್ಟಿ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಬಂದು ಇಳಿಸಿದರು. ಜೋಳದ ರೊಟ್ಟಿ, ಮಡಕೆ ಮೊಸರು, ಕೆಂಪು ಚಟ್ನಿ, ಹಿಂಡಿ.

"ಹುಡುಗಗ ಬರೇ ರೊಟ್ಟಿ ಮೊಸರು ಕೊಡ್ಲೇನ್ರಿ? ಖಾರ ಇರೂದಿಲ್ಲ."

ನಾನು ಮತ್ತೆ ಅದೇ ಪುರಾಣ ಶುರು ಮಾಡಿದೆ. ತಿನ್ನಬೇಕೆಂದೇ ಇಲ್ಲ ಅಜ್ಜಿ, ಹಿಂಡಿ ಮುಟ್ಟಿದ ಕೈಯಲ್ಲಿ ರೊಟ್ಟಿ ಮುಟ್ಟಿದರೂ ಕಷ್ಟ, ಅದೇ ಚಮಚ ಮೊಸರಿಗೆ ಹಾಕಿದರೂ ಕಷ್ಟ. ಇನ್ನೇನು "ಏನೂ ಆಗೂದಿಲ್ರೀ" ಬರುತ್ತದೆ ಎಂದು ಕಾದೆ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರ ಇವಗ ಶೇಂಗಾ ಮುಸುರಿ ಇದ್ದಂಗ. ಮಡಿ ಅಡಿಗಿಗೆ ಮುಸುರಿ ಕೈ ಹಚ್ಚಬಾರದು ನೋಡ್ರಿ, ಹಂಗ."

ಮೂರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಈ ಮಾತು ನನಗೆ ಹೊಳೆದಿರಲಿಲ್ಲ.

"ಹಂಗಾದ್ರ ನನ್ನ ಬುಟ್ಟಿಯಾಗಿಂದು ಏನೂ ತಿನಸಬ್ಯಾಡ್ರಿ. ಎಲ್ಲಾ ಕೂಡೇ ಕಟ್ಟೀನಿ" ಎಂದು ಬುಟ್ಟಿ ಮುಚ್ಚಿ ಆಚೆ ಸರಿಸಿಬಿಟ್ಟರು.

ಮಗ ಡಬ್ಬಿ ತೆಗೆದು ತಿನ್ನತೊಡಗಿದ. ಅಜ್ಜಿ ನಮ್ಮ ಸೋಪು ಕೇಳಿ ಇಸಿದುಕೊಂಡು ನಲ್ಲಿಯ ಕಡೆ ಹೋದರು. ಮೊಣಕೈ ತನಕ ತಿಕ್ಕಿ ತೊಳೆದು, ಸೆರಗಿಗೆ ಒರೆಸಲು ಹೋಗಿ, ಅದರಲ್ಲೂ ಹಿಂಡಿ ಇದ್ದೀತು ಅನ್ನಿಸಿತೇನೋ, ಹಾಗೇ ನೀರು ತೊಟ್ಟಿಕ್ಕುವ ಕೈಯಲ್ಲಿ ಬಂದು ಅವನ ಗಲ್ಲ ಹಿಂಡಿದರು.